ದೊಡ್ಡಸ್ವಾಮಿಯವರ ಎರಡು ಲೆಕ್ಕಗಳು: ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಒಂದು ಹಬ್ಬದ ದಿನ

ಮಾತೆ ಮರಿಯಮ್ಮನವರ ಜನನೋತ್ಸವದ ದಿನವಾದ ಸೆಪ್ಟೆಂಬರ್ 8ರ ನಸುಕಿನಲ್ಲಿ, ಗುರುಮಠದ ಹನ್ನೊಂದು ಮಂದಿ ವಿದ್ಯಾರ್ಥಿಗಳೊಡನೆ ನಾನು ಬಿ.ಟಿ.ಎಂ. ಬಡಾವಣೆಯಿಂದ ಶಿವಾಜಿನಗರದ ಬೆಸಿಲಿಕಕ್ಕೆ ಕಾಲ್ನಡಿಗೆಯಲ್ಲಿ ಹೊರಟೆ. ಇದು ನನ್ನ ಭಕ್ತಿಯ ಫಲವಲ್ಲ, ಸೋಲಿನ ಫಲ. ಅದಕ್ಕೆ ಹಿಂದಿನ ವಾರ ತರಗತಿಯಲ್ಲಿ ಧರ್ಮಸಭೆಯ ಇತಿಹಾಸ ಪಾಠ ಮಾಡುತ್ತಾ, ನಮ್ಮ ನಾಡಿನ ಕ್ರೈಸ್ತ ಜಾತ್ರೆಗಳ ಬಗ್ಗೆ ಎರಡು ಶತಮಾನಗಳ ಹಿಂದೆಯೇ ಆಬೆ ದ್ಯುಬುವಾ ಬರೆದ ಕಟುವಾದ ಮಾತುಗಳನ್ನು ವಿವರಿಸಿ, ಅವು ಇಂದಿಗೂ ಸಲ್ಲುತ್ತವೆಂದು ತುಸು ಉತ್ಸಾಹದಿಂದಲೇ ಹೇಳಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸ್ವಾಮಿ, ತಾವು ಆ ಹಬ್ಬಕ್ಕೆ ಹೋಗಿದ್ದೀರಾ?” ಎಂದು ಕೇಳಿದ. ಹೋಗಿದ್ದೆ. ಧರ್ಮಾಧ್ಯಕ್ಷರೊಡನೆ ಸಹಬಲಿಪೂಜೆ ಅರ್ಪಿಸಲು, ಪೂಜಾವಸ್ತ್ರ ಧರಿಸಿ, ಪಕ್ಕದ ಬಾಗಿಲಿನಿಂದ ಒಳಹೊಕ್ಕು ಅದೇ ಬಾಗಿಲಿನಿಂದ ಹೊರಬಂದಿದ್ದೆ. ಜನರ ನಡುವೆ ಒಬ್ಬನಾಗಿ ಒಮ್ಮೆಯೂ ಹೋಗಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ನಡೆದು ಹೋಗುವ ನಿರ್ಧಾರ ಆ ಒಪ್ಪಿಗೆಯ ಬೆನ್ನಿಗೇ ಬಂತು.

ನಾವು ಡೈರಿ ವೃತ್ತ ದಾಟಿ ಹೊಸೂರು ರಸ್ತೆ ಹಿಡಿದಾಗ ಇನ್ನೂ ಕತ್ತಲೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆಯಿಂದ ಬಂದ ಗುಂಪುಗಳು ಅಲ್ಲಲ್ಲಿ ಕೂಡಿಕೊಂಡವು. ಕಾವಿ ಬಣ್ಣದ ಸೀರೆ, ಕಾವಿ ಬಣ್ಣದ ಅಂಗಿ, ಕೊರಳಲ್ಲಿ ಜಪಸರ, ಬರಿಗಾಲು. ಬಣ್ಣವನ್ನಷ್ಟೇ ನೋಡಿದವನಿಗೆ ಇವರು ಶಬರಿಮಲೆಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಟವರಂತೆ ಕಂಡರೆ ತಪ್ಪಿಲ್ಲ. ಹೊಸೂರು ರಸ್ತೆಯ ಕ್ರೈಸ್ತ ಸಮಾಧಿಭೂಮಿಗಳ ಗೋಡೆಯ ಬಳಿ ಬಂದಾಗ ಜಪಸರ ಹೇಳುತ್ತಿದ್ದ ಹೆಂಗಸೊಬ್ಬಳು ಸ್ವರ ತಗ್ಗಿಸಿ, ಗೋಡೆಯಾಚೆ ಮಲಗಿದ್ದವರಿಗಾಗಿ ಒಂದು ‘ನಮೋ ಮರಿಯೆ’ ಹೆಚ್ಚಿಗೆ ಹೇಳಿ ಮುಂದೆ ನಡೆದಳು. ಯಾರೂ ಅವಳಿಗೆ ಹಾಗೆ ಮಾಡಲು ಕಲಿಸಿಕೊಟ್ಟಂತಿರಲಿಲ್ಲ. ರಿಚ್ಮಂಡ್ ರಸ್ತೆ, ಕಾಮರಾಜ ರಸ್ತೆಗಳನ್ನು ಹಾದು ನಾವು ಶಿವಾಜಿನಗರ ಮುಟ್ಟಿದಾಗ ಬೆಳಕು ಹರಿದಿತ್ತು. ಬಸ್ ನಿಲ್ದಾಣದ ಗದ್ದಲ, ರಸೆಲ್ ಮಾರುಕಟ್ಟೆಯ ಹೂವಿನ ಬುಟ್ಟಿಗಳು, ಮಸೀದಿಯ ಮಿನಾರುಗಳು, ಇವೆಲ್ಲದರ ನಡುವೆ ದೇವಾಲಯದ ಗಾಥಿಕ್ ಶಿಖರ. ಜನ ಮಾತ್ರ ಎಷ್ಟಿದ್ದರೆಂದು ಹೇಳಲಾರೆ. ಸಾಲಿನ ಕೊನೆ ಕಾಣುತ್ತಿರಲಿಲ್ಲ.

ಆ ಸಾಲಿನಲ್ಲಿ ಎರಡೂವರೆ ಗಂಟೆ ನಿಂತೆವು. ಇತಿಹಾಸ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಇಂದಿನ ಶಿವಾಜಿನಗರ ಒಂದು ಕಾಲಕ್ಕೆ ಬ್ಲಾಕ್‌ಪಲ್ಲಿ. ತಮಿಳು ಸೀಮೆಯ ಸೆಂಜಿಯ ಕಡೆಯಿಂದ ವಲಸೆ ಬಂದ ಕ್ರೈಸ್ತ ರೈತರು ಇಲ್ಲಿ ಬಿಳಿ ಅಕ್ಕಿ ಬೆಳೆದುದರಿಂದ ‘ಬಿಳಿ ಅಕ್ಕಿ ಪಳ್ಳಿ’ ಎಂಬ ಹೆಸರಾಯಿತೆಂದೂ, ಅದು ಇಂಗ್ಲಿಷರ ಬಾಯಲ್ಲಿ ಬ್ಲಾಕ್‌ಪಲ್ಲಿಯಾಗಿ ಬಿಳಿಯದು ಕಪ್ಪಾಯಿತೆಂದೂ ಹಳಬರು ಹೇಳುತ್ತಾರೆ. 19ನೆಯ ಶತಮಾನದ ಮೊದಲ ದಶಕದಲ್ಲಿ, ದಂಡು ಪ್ರದೇಶ ಇನ್ನೂ ಬೇರೂರುವ ಮುನ್ನವೇ, ಈ ಜನರಿಗಾಗಿ ಹುಲ್ಲು ಮಾಡಿನ ಒಂದು ಪುಟ್ಟ ಪ್ರಾರ್ಥನಾಲಯ ಎದ್ದಿತು. ಅದರ ಹೆಸರು ‘ಕಾಣಿಕೆ ಮಾತೆಯ ದೇವಾಲಯ’. ಕಾಣಿಕೆ ಎಂಬುದು ತಮಿಳಿಗೂ ಕನ್ನಡಕ್ಕೂ ಹೊಂದುವ ಮಾತು. ‘ಕಾಣು’ ಎಂಬ ಧಾತುವಿನಿಂದ ಬಂದದ್ದು, ಹಿರಿಯರನ್ನು ಕಾಣಲು ಹೋದಾಗ ಕೊಡುವಂಥದ್ದು. ನೋಡುವುದು ಮತ್ತು ಕೊಡುವುದು ಎರಡನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆಗಳಲ್ಲಿ ಇಂಥ ಹೆಸರಿನ ದೇವಾಲಯಕ್ಕೆ ವ್ಯಾಖ್ಯಾನ ಬೇಕಿಲ್ಲ. ಬೆಂಗಳೂರಿನ ಧರ್ಮಸಭೆಯಲ್ಲಿ ಭಾಷೆಯ ವಿಷಯದಲ್ಲಿ ನಾವು ಪರಸ್ಪರ ನೋಯಿಸಿಕೊಂಡದ್ದು ಸಾಲದೇನೋ ಎಂಬಂತೆ ಇನ್ನೂ ನೋಯಿಸಿಕೊಳ್ಳುತ್ತಿದ್ದೇವೆ. ಮೊತ್ತಮೊದಲ ಗುಡಿಸಲಿನ ಹೆಸರಾದರೋ ಎರಡು ಭಾಷೆಗಳ ಬೇಲಿಯ ಮೇಲೆ ಹಬ್ಬಿದ ಬಳ್ಳಿಯಾಗಿತ್ತು.

ಆ ಪ್ರಾರ್ಥನಾಲಯವನ್ನು ಕಟ್ಟಿಸಿದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಝಾನ್ ಆಂತ್ವಾನ್ ದ್ಯುಬುವಾ. ಮುಂದೆ ಪುದುಚೇರಿಯಿಂದ ಬಂದ ದೇಶೀಯ ಗುರುಗಳು ಅದನ್ನು ವಿಸ್ತರಿಸಿದರು. 1832ರ ಗಲಭೆಯ ಕಾಲದಲ್ಲಿ ಸೈನಿಕರು ಕಾವಲು ನಿಲ್ಲಬೇಕಾಯಿತು. 1875ರಲ್ಲಿ ಅದೇ ಸಂಸ್ಥೆಯ ಫಾದರ್ ಕ್ಲೈನರ್ ಈಗ ನಾವು ಕಾಣುವ ಗಾಥಿಕ್ ಕಟ್ಟಡವನ್ನು ಆರಂಭಿಸಿದರು. 1882ರ ಸೆಪ್ಟೆಂಬರ್ 8ರಂದು ಧರ್ಮಾಧ್ಯಕ್ಷ ಕೊಆದು ಅವರು ಅದನ್ನು ಪವಿತ್ರೀಕರಿಸಿದರು. ಕ್ಲೈನರ್ 1890ರಲ್ಲಿ ಮೈಸೂರಿನ ಧರ್ಮಾಧ್ಯಕ್ಷರಾದರು. ಬೆಂಗಳೂರು ಆಗ ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿತ್ತು, ಬೇರೆಯಾದದ್ದು 1940ರಲ್ಲಿ. 1973ರಲ್ಲಿ ಜಗದ್ಗುರು ಆರನೇ ಪೌಲರು ಈ ದೇವಾಲಯಕ್ಕೆ ಕಿರು ಬೆಸಿಲಿಕದ ಗೌರವವನ್ನಿತ್ತರು. ಕರ್ನಾಟಕದಲ್ಲಿ ಆ ಗೌರವ ಪಡೆದ ಮೊದಲ ದೇವಾಲಯ ಇದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಅದು ದೊರೆತದ್ದು 2016ರಲ್ಲಿ.

ಕಟ್ಟಡದ ಕಥೆ ಇಷ್ಟು. ಆದರೆ ನನ್ನನ್ನು ಬಹುಕಾಲ ಕಾಡಿದ್ದು ಕಟ್ಟಡವಲ್ಲ, ಅಡಿಗಲ್ಲಿಟ್ಟವರು. ಏಕೆಂದರೆ ದ್ಯುಬುವಾ ಅವರು ತಮ್ಮ ಕೆಲಸ ವಿಫಲವಾಯಿತೆಂದು ನಂಬಿ ಈ ನಾಡನ್ನು ಬಿಟ್ಟು ಹೋದವರು. ನಂಬಿದ್ದಷ್ಟೇ ಅಲ್ಲ, ಅದನ್ನು ಅಚ್ಚುಹಾಕಿಸಿದವರು.

ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಊರಿನವರಾದ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಕ್ರಾಂತಿಯ ಕತ್ತಿ ಗುರುಗಳ ಕೊರಳ ಹತ್ತಿರ ಬರುತ್ತಿದ್ದ ಅದೇ ವರ್ಷ ಇಂಡಿಯಾಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಹೊಣೆ ಅವರ ಹೆಗಲಿಗೆ ಬಂತು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ಬೀಡನ್ನು ಸ್ಥಾಪಿಸಿದರು. ನಿಲುವಂಗಿ, ಬಿಳಿಯ ರುಮಾಲು, ಕೈಯಲ್ಲಿ ಕೋಲು, ಈ ನಾಡಿನ ಊಟ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ನಮ್ಮ ಜನರ ಆಚಾರವಿಚಾರಗಳ ಬಗ್ಗೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅದರ ಬಹುಪಾಲು ಅವರಿಗಿಂತ ಹಿಂದಿನ ಯೇಸುಸಭೆಯ ಫಾದರ್ ಕೂರ್ದು ಅವರ ಬರಹಗಳಿಂದ ಬಂದದ್ದೆಂದು ಇತ್ತೀಚಿನ ಸಂಶೋಧನೆ ತೋರಿಸಿದೆ. ಹಾಗಾಗಿ ದ್ಯುಬುವಾ ಅವರ ಸ್ವಂತ ದನಿಯನ್ನು ಕೇಳಬೇಕಾದವರು ಆ ಪ್ರಸಿದ್ಧ ಗ್ರಂಥವನ್ನು ಬಿಟ್ಟು, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳನ್ನು ಓದಬೇಕು. ನಾನು ರೋಮಿನಲ್ಲಿ ಲೈಸೆನ್ಷಿಯೇಟ್ ಪದವಿಗೆ ಓದುತ್ತಿದ್ದಾಗ ಆ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡು, ಒಂದೇ ಚಳಿಗಾಲದ ರಾತ್ರಿಯಲ್ಲಿ ಮುಗಿಸಿದೆ. ಊರಿನ ನೆನಪಿಗಾಗಿ ಓದತೊಡಗಿದವನು ಊರಿನ ಮೇಲೆ ಬರೆದ ಮರಣಪತ್ರವನ್ನು ಓದಿ ಮುಗಿಸಿದಂತಾಯಿತು.

ಆ ಪತ್ರಗಳ ವಾದ ಸರಳ. ಹಿಂದೂಗಳು ಕ್ರೈಸ್ತರಾಗುವ ಕಾಲ ಮುಗಿದುಹೋಯಿತು, ಮಾನವ ಪ್ರಯತ್ನದಿಂದ ಅದು ಮರಳಿ ಬರುವಂತಿಲ್ಲ. ಕಾರಣಗಳಲ್ಲಿ ಮಲಬಾರ್ ಆಚರಣೆಗಳ ವಿವಾದವೂ ಒಂದು. ಸ್ಥಳೀಯ ಆಚಾರಗಳನ್ನು ಕ್ರೈಸ್ತರು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದೆಂಬ ಆ ದೀರ್ಘ ಜಗಳಕ್ಕೆ 1744ರಲ್ಲಿ ಜಗದ್ಗುರು ಹದಿನಾಲ್ಕನೇ ಬೆನೆಡಿಕ್ಟರು ಅಂತ್ಯ ಹಾಡಿದರು. ಇಲ್ಲಿ ದುಡಿಯುವ ಗುರುಗಳು ಆ ನಿಷೇಧಗಳಿಗೆ ಬದ್ಧರಾಗಿ ಆಣೆ ಮಾಡಬೇಕಿತ್ತು. ಆ ಆಣೆ ರದ್ದಾದದ್ದು 1940ರಲ್ಲಿ. ರುಮಾಲು ಸುತ್ತಿದ ದೊಡ್ಡಸ್ವಾಮಿಯವರೂ ಆ ಆಣೆಯ ನೆರಳಿನಲ್ಲೇ ನಡೆದವರು. ಹೊರಗಿನ ಉಡುಪನ್ನು ಬದಲಿಸಿಕೊಳ್ಳಬಹುದಿತ್ತು, ಒಳಗಿನ ಆಚಾರವನ್ನು ಮುಟ್ಟುವಂತಿರಲಿಲ್ಲ. ಆ ಬಿಕ್ಕಟ್ಟನ್ನು ಅರಿಯದೆ ಅವರ ಕಹಿಯನ್ನು ಅರ್ಥಮಾಡಿಕೊಳ್ಳಲಾಗದು.

ನಾನು ತರಗತಿಯಲ್ಲಿ ವಿವರಿಸುತ್ತಿದ್ದ ಭಾಗ ಮಾತ್ರ ಬೇರೆ. ಕಥೋಲಿಕ ಆರಾಧನೆಗೂ ಹಿಂದೂ ಆರಾಧನೆಗೂ ಹೊರಗಣ್ಣಿಗೆ ಹೋಲಿಕೆ ಇದೆಯೆಂದು ಅವರು ಒಪ್ಪುತ್ತಾರೆ. ನಮ್ಮಲ್ಲೂ ಪೂಜೆ, ತೀರ್ಥ, ತಿಥಿ, ಮೂರ್ತಿ, ಮೆರವಣಿಗೆ. ಈ ನಾಡಿನ ಜನರನ್ನು ಯಾವುದಾದರೂ ಕ್ರೈಸ್ತ ಪಂಥ ಸೆಳೆಯುವುದಾದರೆ ಅದು ಇದೇ ಎನ್ನುತ್ತಾರೆ. ಆಮೇಲೆ, ರಾತ್ರಿಯ ಹೊತ್ತು ಪಂಜು ಬಾಣಬಿರುಸುಗಳ ನಡುವೆ, ತಮಟೆ ತುತ್ತೂರಿಗಳ ಅಬ್ಬರದಲ್ಲಿ, ಹೂಮಾಲೆಗಳಿಂದ ಅಲಂಕರಿಸಿದ ತೇರಿನ ಮೇಲೆ ಸಂತರ ಮೂರ್ತಿ ಸಾಗುವ ಬಗೆಯನ್ನು ವರ್ಣಿಸುತ್ತಾರೆ. ವರ್ಣನೆಯಲ್ಲಿ ನಾಚಿಕೆಯಿದೆ. ಹೊರಗಿನವರು, ಅದರಲ್ಲೂ ಯೂರೋಪಿನ ಪ್ರೊಟೆಸ್ಟೆಂಟರು, ಇದನ್ನು ನೋಡಿ ಏನೆಂದುಕೊಂಡಾರು ಎಂಬ ನಾಚಿಕೆ. ಅಂತಹ ತೇರನ್ನು ಕಂಡು ನಾಚಿದ ಮನುಷ್ಯನೇ ಹುಲ್ಲು ಮಾಡು ಹೊದಿಸಿದ ಜಾಗದಲ್ಲಿ ಇಂದು ಬೆಂಗಳೂರಿನ ಅತಿ ದೊಡ್ಡ ಕ್ರೈಸ್ತ ತೇರು ಎಳೆಯುತ್ತಾರೆ. ಈ ವಿಪರ್ಯಾಸವನ್ನು ನಾನು ವರ್ಷ ವರ್ಷವೂ ಹೇಳಿ ನಗಿಸುತ್ತಿದ್ದೆ. ನಗುವಿನ ಕೆಳಗೆ, ದ್ಯುಬುವಾ ಹೇಳಿದ್ದು ಸರಿ ಎಂಬ ನನ್ನ ತೀರ್ಪು ಅಡಗಿತ್ತು.

ಸಾಲು ಮೂರ್ತಿಯ ಬಳಿ ಬಂದಾಗ ನಾವು ಮಾತು ನಿಲ್ಲಿಸಿದೆವು. ಮಾತೆ ಸೀರೆ ಉಟ್ಟಿದ್ದಾರೆ. ಕೈಯಲ್ಲಿ ಬಾಲಯೇಸು. ಭಕ್ತರು ತಂದ ಸೀರೆಗಳನ್ನೇ ಉಡಿಸುವುದು ಇಲ್ಲಿಯ ಪದ್ಧತಿ. ನನ್ನ ಮುಂದಿದ್ದ ಹೆಂಗಸು ಕುಂಕುಮ ಧರಿಸಿದ್ದಳು, ಕೊರಳಲ್ಲಿ ಕರಿಮಣಿ. ಮಲ್ಲಿಗೆಯ ದಂಡೆಯನ್ನು ಸ್ವಯಂಸೇವಕನ ಕೈಗಿತ್ತು, ಕೈಜೋಡಿಸಿ, ಒಂದು ಕ್ಷಣ ಕಣ್ಣು ಮುಚ್ಚಿ ಪಕ್ಕಕ್ಕೆ ಸರಿದಳು. ಎರಡೂವರೆ ಗಂಟೆ ನಿಂತದ್ದು ಆ ಒಂದು ಕ್ಷಣಕ್ಕೆ. ನನ್ನ ಸರದಿ ಬಂದಾಗ ನನಗೆ ಏನು ಕೇಳಬೇಕೆಂದು ತೋಚಲಿಲ್ಲ. ಕೇಳುವುದೇನನ್ನೂ ಇಟ್ಟುಕೊಳ್ಳದೆ ಸಾಲಿನಲ್ಲಿ ನಿಂತಿದ್ದವನು ಬಹುಶಃ ನಾನೊಬ್ಬನೇ.

ಮಧ್ಯಾಹ್ನ ಪಾಪನಿವೇದನೆ ಕೇಳಲು ಗುರುಗಳ ಕೊರತೆ ಇದೆಯೆಂದು ತಿಳಿದು ನಾನು ಅಂಗಳದ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಅಲ್ಲಿ ಕೇಳಿದ್ದರ ಬಗ್ಗೆ ಹೇಳುವ ಪ್ರಶ್ನೆಯೇ ಇಲ್ಲ. ಆದರೆ ಸಾಲಿನಲ್ಲಿ ಬಂದವರಲ್ಲಿ ಹಲವರು ಪಾಪನಿವೇದನೆಗೆ ಬಂದವರಾಗಿರಲಿಲ್ಲ. ಅವರು ಕ್ರೈಸ್ತರೇ ಅಲ್ಲ. ಅದು ಯಾತರ ಸಾಲೆಂದು ಅವರಿಗೆ ತಿಳಿದಿರಲಿಲ್ಲ. ಒಬ್ಬ ಸ್ವಾಮಿ ಕುಳಿತಿದ್ದಾನೆ, ಜನ ಒಬ್ಬೊಬ್ಬರಾಗಿ ಹೋಗಿ ಮೆಲ್ಲಗೆ ಏನೋ ಹೇಳುತ್ತಾರೆ, ಆತ ತಲೆಯ ಮೇಲೆ ಕೈ ಚಾಚುತ್ತಾನೆ, ಅಷ್ಟು ಸಾಕಾಗಿತ್ತು. ಬನಶಂಕರಿಯ ಕಡೆಯವನೆಂದು ಹೇಳಿಕೊಂಡ ಆಟೋ ಚಾಲಕನೊಬ್ಬ ಆರೇಳು ವರ್ಷದ ಮಗಳನ್ನು ಮುಂದೆ ನಿಲ್ಲಿಸಿ, “ಮೂರ್ಛೆ ಬರ್ತದೆ ಸ್ವಾಮಿ, ತಲೆ ಮೇಲೆ ಕೈ ಇಡಿ” ಎಂದ. ಮೊದಲು ಪಾಂಡಿತ್ಯ ಬಾಯಿಗೆ ಬಂತು. ಇದು ಪಾಪನಿವೇದನೆಯ ಸಾಲು, ಆಶೀರ್ವಾದಕ್ಕೆ ಅಲ್ಲಿ ಬೇರೆ ಗುರುಗಳಿದ್ದಾರೆ ಎಂದು ಹೇಳತೊಡಗಿದೆ. ಮಗು ನನ್ನ ಊರಾರನ್ನು, ಅಂದರೆ ಕೊರಳಿನ ನೇರಳೆ ಪಟ್ಟಿಯನ್ನು, ಬೆರಳಲ್ಲಿ ಮುಟ್ಟಿ ನೋಡುತ್ತಿತ್ತು. ನಾನು ಕೈ ಇಟ್ಟೆ. ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ತೋರಿಸಿದ್ದೇವೆ, ಮಾತ್ರೆ ನಡೆಯುತ್ತಿದೆ, ಎರಡೂ ಇರಲಿ ಎಂದ.

‘ಎರಡೂ ಇರಲಿ’ ಎಂಬ ಆ ಮಾತು ನನ್ನನ್ನು ದ್ಯುಬುವಾ ಅವರ ಬಾಳಿನ ಇನ್ನೊಂದು ಅಧ್ಯಾಯದತ್ತ ತಿರುಗಿಸಿತು. ನಾನು ತರಗತಿಯಲ್ಲಿ ಅದನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದೆ.

ಇಂಗ್ಲೆಂಡಿನ ಜೆನ್ನರ್ ಗೋವಿನ ಸಿಡುಬಿನಿಂದ ಲಸಿಕೆ ಹಾಕುವ ವಿಧಾನವನ್ನು 1798ರಲ್ಲಿ ಪ್ರಕಟಿಸಿದರು. 1802ರಲ್ಲಿ ಆ ಲಸಿಕೆ ಮುಂಬಯಿ ತಲುಪಿತು. ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ಮುಂದಾದವರಲ್ಲಿ ದ್ಯುಬುವಾ ಪ್ರಮುಖರು. ಸಿಡುಬನ್ನು ನಮ್ಮ ಜನ ರೋಗವೆನ್ನುತ್ತಿರಲಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ದೇವಿಯ ಆಗಮನವನ್ನು ಸೂಜಿಯಿಂದ ತಡೆಯುವುದು ಪಾಪ ಎಂಬ ಅಳುಕು ಒಂದೆಡೆ, ಅದೂ ಹಸುವಿನ ಮೈಯಿಂದ ಬಂದ ದ್ರವವೆಂಬ ಅನುಮಾನ ಇನ್ನೊಂದೆಡೆ. ಅಲ್ಲಿ ಕಂಪನಿಯ ವೈದ್ಯನ ಮಾತಿಗಿಂತ ದೊಡ್ಡಸ್ವಾಮಿಯವರ ಮಾತು ನಡೆಯಿತು. 1803-04ರ ಅವಧಿಯಲ್ಲಿ ಅವರೂ ಅವರ ಕೈಕೆಳಗಿನವರೂ ಸೇರಿ ಲಸಿಕೆ ಹಾಕಿ ದಾಖಲಿಸಿದವರ ಸಂಖ್ಯೆ 25,432. ಮೈಸೂರಿನ ಅರಮನೆಯೂ ಲಸಿಕೆಯ ಬೆನ್ನಿಗೆ ನಿಂತಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ರಾಣಿಯರ ಒಂದು ಪ್ರಸಿದ್ಧ ತೈಲಚಿತ್ರದಲ್ಲಿ ರಾಣಿಯೊಬ್ಬರು ಸೆರಗು ಸರಿಸಿ ತೋಳು ತೋರಿಸುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೇ ಎಂದು ಕೆಲವು ಇತಿಹಾಸಕಾರರು ಓದಿದ್ದಾರೆ. ಆ ಚಿತ್ರ ಥಾಮಸ್ ಹಿಕಿ ಎಂಬ ಕಲಾವಿದನದೆನ್ನುತ್ತಾರೆ. ರುಮಾಲು ಧರಿಸಿದ ದ್ಯುಬುವಾ ಅವರ ಭಾವಚಿತ್ರವನ್ನು ಬರೆದವನೂ ಅದೇ ಹಿಕಿ.

ಈಗ ದ್ಯುಬುವಾ ತಾವೇ ಬರೆದ ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿ ಇಡಬೇಕು. 1823ರ ಪತ್ರಗಳಲ್ಲಿ ಅವರು ಹೇಳುತ್ತಾರೆ: ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಗುರುವಿನ ನೆರವಿನೊಡನೆ, ತಾನು ಕ್ರಿಸ್ತನೆಡೆಗೆ ತಂದವರು ಒಟ್ಟು ಇನ್ನೂರರಿಂದ ಮುನ್ನೂರು ಮಂದಿ. ಅವರಲ್ಲಿ ಮೂರನೇ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರು, ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಈ ವಾಕ್ಯವನ್ನು ಅವರು ಸೋಲಿನ ಪುರಾವೆಯಾಗಿ ಬರೆದರು. ಅದನ್ನು ಖಂಡಿಸಿ ಜೇಮ್ಸ್ ಹಫ್ ಮೊದಲಾದ ಪ್ರೊಟೆಸ್ಟೆಂಟ್ ಬೋಧಕರು ಮರುವರ್ಷವೇ ಪುಸ್ತಕ ಹೊರತಂದರು. ಆದರೆ ಅವರ ತಕರಾರೂ ಲೆಕ್ಕದ ಬಗ್ಗೆಯೇ. ಮತಾಂತರ ಸಾಧ್ಯ, ನಮ್ಮ ಸಂಖ್ಯೆ ಹೆಚ್ಚುತ್ತದೆ ಎಂಬುದಷ್ಟೇ ಅವರ ಉತ್ತರ. ಬಡವರೂ ಹೊಲೆಗೇರಿಯವರೂ ಬಂದರೆಂಬುದನ್ನು ಸೋಲೆಂದು ಏಕೆ ಎಣಿಸಬೇಕು ಎಂಬ ಪ್ರಶ್ನೆ ದ್ಯುಬುವಾ ಅವರಿಗೆ ಹೊಳೆಯಲಿಲ್ಲ. ಇದು ಅವರ ಮೇಲಿನ ನನ್ನ ದೊಡ್ಡ ದೂರು. ನಜರೇತಿನ ಬಡಗಿಯ ಶಿಷ್ಯನೊಬ್ಬ ಹಾಗೆ ಬರೆಯಬಾರದಿತ್ತು. ಅವರು ತಮ್ಮ ಕಾಲದ ಯೂರೋಪಿನ ಓದುಗನಿಗಾಗಿ ಬರೆದರು. ಆ ಓದುಗನ ಕಣ್ಣಿನಲ್ಲಿ ಬ್ರಾಹ್ಮಣನೊಬ್ಬ ಬಂದರೆ ಗೆಲುವು, ಭಿಕ್ಷುಕ ಬಂದರೆ ಅಂಕಿ.

ಆದರೆ ಅಂದು ಆ ಅಂಗಳದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಇನ್ನೂರು ಮುನ್ನೂರರ ಲೆಕ್ಕ ಹೇಳುವ ಪುಟದಲ್ಲಿ 25,432ರ ಲೆಕ್ಕವಿಲ್ಲ. ಅದು ಕಂಪನಿಯ ಕಡತದಲ್ಲಿದೆ. ಒಂದೇ ಕೈ ಮಾಡಿದ ಎರಡು ಕೆಲಸಗಳು ಎರಡು ಬೇರೆ ಪುಸ್ತಕಗಳಿಗೆ ಜಮೆಯಾದವು. ಒಂದು ಧರ್ಮ, ಇನ್ನೊಂದು ಪರೋಪಕಾರ. ಲಸಿಕೆ ಪಡೆದು ಬದುಕುಳಿದ ಮಕ್ಕಳನ್ನು ಅವರು ತಮ್ಮ ಗುರುತ್ವದ ಫಲವೆಂದು ಎಣಿಸಲೇ ಇಲ್ಲ. ಅವರ ತೋಳು ಹಿಡಿದು ಸೂಜಿ ಚುಚ್ಚಿಸಿಕೊಂಡ ತಾಯಂದಿರು ಮಾತ್ರ ಹಾಗೆ ವಿಂಗಡಿಸಿರಲಾರರು. ಅವರಿಗೆ ಅವರು ದೊಡ್ಡಸ್ವಾಮಿ. ನಂಬಿಕೆಯಿಂದಲೇ ತೋಳು ಚಾಚಿದ್ದರು.

ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದ ಪ್ರಸಂಗ ಲೂಕನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿದೆ. ಹಿಂದಿರುಗಿ ಬಂದವನು ಒಬ್ಬನೇ, ಅವನೂ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಸ್ವಾಮಿ ಕೇಳುತ್ತಾರೆ. ಲೆಕ್ಕ ಕೇಳುವುದನ್ನು ಅವರೂ ಬಿಡಲಿಲ್ಲ, ಆದ್ದರಿಂದ ಲೆಕ್ಕವೇ ಬೇಡವೆನ್ನುವ ಉದಾರಿಗಳಿಗೆ ಈ ಪ್ರಸಂಗ ಒದಗದು. ಆದರೆ ಬಾರದವರ ಮೈಮೇಲೆ ಕುಷ್ಠ ಮರಳಿತೆಂದು ಲೂಕನು ಬರೆದಿಲ್ಲ. ಗುಣವಾದವರು ಹತ್ತು ಮಂದಿ. ಶಿವಾಜಿನಗರದ ಸಾಲಿನಲ್ಲಿ ನಿಂತವರಲ್ಲಿ ಬಹುಮಂದಿ ಆ ಒಂಬತ್ತರವರೋ ಆ ಒಬ್ಬನ ಕಡೆಯವರೋ, ಅದನ್ನು ನಿರ್ಧರಿಸುವ ಕುರ್ಚಿ ನನ್ನದಲ್ಲ. ನನ್ನದು ಪಾಪನಿವೇದನೆಯ ಕುರ್ಚಿಯಾಗಿತ್ತು. ಅದೂ ಆ ದಿನ ಎರವಲು ತಂದ ಪ್ಲಾಸ್ಟಿಕ್ ಕುರ್ಚಿ.

ಈ ಭಕ್ತಿಗೆ ರೋಗದೊಡನೆ ಇರುವ ನಂಟು ದ್ಯುಬುವಾ ಅವರ ಬಳಿಕವೂ ಮುಂದುವರಿಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯೂ ದಂಡೂ ಎರಡೂ ತತ್ತರಿಸಿದವು. ಜನ ಮನೆ ತೊರೆದು ಬಯಲಿಗೆ ಹೋದರು. ನಮ್ಮ ದಕ್ಷಿಣ ಬೆಂಗಳೂರಿನ ಬಸವನಗುಡಿ, ಉತ್ತರದ ಮಲ್ಲೇಶ್ವರ, ಈ ಬಡಾವಣೆಗಳು ಅಗಲ ರಸ್ತೆ, ಗಾಳಿಬೆಳಕುಗಳೊಡನೆ ತುಂಬಿಕೊಂಡದ್ದರ ಹಿಂದೆ ಆ ಭೀತಿಯಿದೆ. ಅದರ ಆಚೆಗೆ ಜಯನಗರ ಹುಟ್ಟಿದ್ದು ಅರ್ಧ ಶತಮಾನ ಕಳೆದ ಮೇಲೆ, 1948ರಲ್ಲಿ. ನಗರದ ಹಲವೆಡೆ ಪ್ಲೇಗಮ್ಮನ ಗುಡಿಗಳು ಎದ್ದವು. ತ್ಯಾಗರಾಜನಗರದ ಕಡೆ ನಡೆಯುವವರು ಅಂಥದ್ದೊಂದನ್ನು ಇಂದಿಗೂ ನೋಡಬಹುದು. ಬ್ಲಾಕ್‌ಪಲ್ಲಿಯ ಕ್ರೈಸ್ತರು ಆರೋಗ್ಯಮಾತೆಯ ಮೊರೆಹೊಕ್ಕರು. ಆ ಮಾರಿಯಿಂದ ಪಾರಾದ ಕೃತಜ್ಞತೆಯೇ ಈ ಹಬ್ಬದ ಬೇರು ಎಂಬುದು ಭಕ್ತರ ನೆನಪು. ಆಗಸ್ಟ್ 29ರಂದು ಧ್ವಜಾರೋಹಣ, ಒಂಬತ್ತು ದಿನಗಳ ನೊವೇನ, ಸೆಪ್ಟೆಂಬರ್ 8ರಂದು ತೇರು.

ಗಮನಿಸಿ: ಒಂದೇ ಊರು, ಒಂದೇ ರೋಗ, ಒಂದೇ ಭಯ. ಊರಿನ ಒಂದು ಬದಿಯಲ್ಲಿ ಮಾರಿಯಮ್ಮ, ಇನ್ನೊಂದು ಬದಿಯಲ್ಲಿ ಮರಿಯಮ್ಮ. ನಡುವೆ ಒಂದು ದೀರ್ಘಸ್ವರ. ದೈವಶಾಸ್ತ್ರಜ್ಞರಾದ ನಾವು ಆ ದೀರ್ಘಕ್ಕೆ ಕಾವಲು ನಿಂತವರು, ನಿಲ್ಲಲೇಬೇಕು. ಒಬ್ಬಳು ರೋಗವನ್ನು ಕೊಡುವವಳೂ ಹಿಂತೆಗೆದುಕೊಳ್ಳುವವಳೂ ಆದ ಶಕ್ತಿ. ಇನ್ನೊಬ್ಬರು ಶಕ್ತಿಯಲ್ಲ, ದೇವರ ಮುಂದೆ ಖಾಲಿ ಕೈಯಲ್ಲಿ ನಿಂತ ದಾಸಿ, ಬೇಡುವವರ ಸಾಲಿನಲ್ಲಿ ಮೊದಲನೆಯವರು. ಈ ವ್ಯತ್ಯಾಸವನ್ನು ಪ್ರವಚನದಲ್ಲಿ ಹೇಳದಿದ್ದರೆ ನಾವು ಜನರಿಗೆ ಮೋಸ ಮಾಡಿದಂತೆ. ಅಂದು ನಾನು ಕೇಳಿದ ಮೂರು ಪ್ರವಚನಗಳಲ್ಲಿ ಒಂದರಲ್ಲಿ ಮಾತ್ರ ಅದು ಬಂತು. ಉಳಿದೆರಡು ಅದ್ಭುತಗಳ ಪಟ್ಟಿಯಾಗಿದ್ದವು. ಇಲ್ಲಿ ದ್ಯುಬುವಾ ಅವರ ಕಿರಿಕಿರಿ ನನ್ನದೂ ಹೌದು, ಅದನ್ನು ಅಡಗಿಸಿಡಲಾರೆ. 1974ರ ಫೆಬ್ರವರಿ 2ರಂದು, ಈ ದೇವಾಲಯ ಬೆಸಿಲಿಕವಾದ ಬೆನ್ನಿಗೇ, ಅದೇ ಆರನೇ ಪೌಲರು ಮರಿಯಭಕ್ತಿಯ ಕುರಿತು ‘ಮರಿಯಾಲಿಸ್ ಕುಲ್ತುಸ್’ ಪತ್ರವನ್ನು ಹೊರಡಿಸಿ, ಆ ಭಕ್ತಿ ಬೈಬಲಿನ ನೆಲೆಯಲ್ಲಿ, ದೈವಾರಾಧನೆಯ ಲಯದಲ್ಲಿ, ಕ್ರಿಸ್ತನ ಕಡೆಗೆ ಮುಖಮಾಡಿ ಇರಬೇಕೆಂದು ನೆನಪಿಸಿದರು. ಮರುವರ್ಷ ‘ಎವಾಂಜೆಲಿಯಿ ನುನ್ತಿಯಾಂದಿ’ಯಲ್ಲಿ ಜನಪದ ಭಕ್ತಿಯ ಮಿತಿಗಳನ್ನು ಎಣಿಸಿ, ಆದರೂ ಅದರಲ್ಲಿ ಬಡವರೂ ಸರಳರೂ ಮಾತ್ರ ಅರಿಯಬಲ್ಲ ದೇವರ ದಾಹವಿದೆ ಎಂದರು. ಎರಡನ್ನೂ ಬರೆದದ್ದು ಒಂದೇ ಲೇಖನಿ. ನಾವು ಮೊದಲನೆಯ ಪತ್ರವನ್ನು ತರಗತಿಗೂ ಎರಡನೆಯದನ್ನು ಜಾತ್ರೆಗೂ ಹಂಚಿಬಿಟ್ಟಿದ್ದೇವೆ. ದ್ಯುಬುವಾ ಮಾಡಿದ ತಪ್ಪಿಗೂ ಇದಕ್ಕೂ ದೂರವೇನಿಲ್ಲ.

ಮತಾಂತರದ ಲೆಕ್ಕ ಕೇಳುವವರು ಇಂದು ಬೇರೆಯವರು. ದ್ಯುಬುವಾ ಅವರ ಕಾಲದಲ್ಲಿ ಲಂಡನ್ನಿನ ಮಿಷನ್ ಸಂಘಗಳು ಕೇಳುತ್ತಿದ್ದವು, ಈಗ ನಮ್ಮ ನೆರೆಹೊರೆಯವರೇ ಅನುಮಾನದಿಂದ ಕೇಳುತ್ತಾರೆ. ಅವರಿಗೆ ಉತ್ತರವಾಗಿ ನಾನು ವಾದ ಹೂಡಲಾರೆ. ಸೆಪ್ಟೆಂಬರ್ 8ರಂದು ಮುಂಜಾನೆಯಿಂದ ರಾತ್ರಿಯವರೆಗೆ ಆ ಅಂಗಳದಲ್ಲಿ ನಿಂತು ನೋಡಲಿ. ಬಂದ ಹಾಗೆಯೇ ಕುಂಕುಮವಿಟ್ಟುಕೊಂಡೇ ಮನೆಗೆ ಮರಳುವವರು ಸಾವಿರಾರು. ಅವರ ಹೆಸರನ್ನು ಯಾವ ದೀಕ್ಷಾಸ್ನಾನದ ಪುಸ್ತಕದಲ್ಲೂ ಬರೆಯುವುದಿಲ್ಲ, ಮರುವರ್ಷ ಬನ್ನಿ ಎಂದು ಯಾರೂ ಹೇಳುವುದೂ ಇಲ್ಲ. ಅವರು ಬರುತ್ತಾರೆ.

ಸಂಜೆ ತೇರು ಹೊರಟಿತು. ಒಂದು ಗಂಟೆ ಮುಂಚೆ ಮಳೆ ಬಂದು ನಿಂತಿದ್ದರಿಂದ ಬೀದಿದೀಪಗಳು ನೆಲದಲ್ಲೂ ಹೊಳೆಯುತ್ತಿದ್ದವು. ವಾದ್ಯ, ಹೂವು, ಬಣ್ಣದ ದೀಪಗಳು, ಮಹಡಿಗಳ ಮೇಲೆ ಕಿಕ್ಕಿರಿದ ಮನೆಮಂದಿ. 1823ರ ಪುಟವನ್ನು ಯಾರೋ ರಸ್ತೆಯ ಮೇಲೆ ಹಾಸಿ ಅದರ ಮೇಲೆಯೇ ತೇರು ಎಳೆದಂತಿತ್ತು. ತಪ್ಪಿದ್ದು ಒಂದೇ: ನಾಚಿಕೆ. ನನ್ನ ಪಕ್ಕದಲ್ಲಿದ್ದ ಮುಸಲ್ಮಾನ ವ್ಯಾಪಾರಿಯೊಬ್ಬರು ಅಂಗಡಿಯ ಮೆಟ್ಟಿಲ ಮೇಲೆ ವಯಸ್ಸಾದ ಹೆಂಗಸರಿಬ್ಬರಿಗೆ ಸ್ಟೂಲು ಹಾಕಿಕೊಟ್ಟಿದ್ದರು. ತೇರು ಸಮೀಪಿಸಿದಾಗ ಜನ ಒಮ್ಮೆಲೇ ಕೂಗಿದರು. ಆ ಕೂಗಿನಲ್ಲಿ ತಮಿಳು, ಕನ್ನಡ ಎಂದು ಬೇರ್ಪಡಿಸಲು ನನ್ನ ಕಿವಿಗೆ ಆಗಲಿಲ್ಲ. ಆಟೋ ಚಾಲಕನನ್ನೂ ಅವನ ಮಗಳನ್ನೂ ಗುಂಪಿನಲ್ಲ್ಲಿ ಹುಡುಕಿದೆ. ಕಾಣಲಿಲ್ಲ.

ದೊಡ್ಡಸ್ವಾಮಿಯವರು 1823ರ ಜನವರಿಯಲ್ಲಿ ಹಡಗು ಹತ್ತಿದರು. ಮೂವತ್ತು ವರ್ಷ ಬಾಳಿದ ನಾಡಿಗೆ ಮತ್ತೆ ಬರಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ಹೊಸ ಮಿಷನರಿಗಳನ್ನು ಸಿದ್ಧಗೊಳಿಸುವ ಕೆಲಸದಲ್ಲಿ ತೊಡಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಕಾಲ ಮುಗಿಯಿತೆಂದು ಬರೆದವರು, ಆ ಕಾಲಕ್ಕಾಗಿ ತರುಣರನ್ನು ತಯಾರು ಮಾಡುತ್ತ ಉಳಿದ ಇಪ್ಪತ್ತೈದು ವರ್ಷ ಕಳೆದರು. ಅವರ ಪತ್ರಗಳನ್ನು ಓದುವವರು ಈ ಕೊನೆಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟುಬಿಟ್ಟಿದ್ದೆ.

ರಾತ್ರಿ ಶಿವಾಜಿನಗರದಿಂದ ಬಸ್ಸಿನಲ್ಲಿ ಹಿಂದಿರುಗಿದೆವು, ನಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಮರುದಿನ ಬೆಳಗಿನ ಮೊದಲ ಅವಧಿ ನನ್ನದೇ, ವಿಷಯ ಮಲಬಾರ್ ಆಚರಣೆಗಳು. ಪ್ರಶ್ನೆ ಕೇಳಿದ್ದ ಹಿಂದಿನ ಬೆಂಚಿನ ವಿದ್ಯಾರ್ಥಿ ಪಾಠ ಶುರುವಾದ ಹತ್ತೇ ನಿಮಿಷದಲ್ಲಿ ನಿದ್ದೆ ಹೋಗಿದ್ದ. ಅವನ ಬರಿಗಾಲಿನ ಹಿಮ್ಮಡಿಗೆ ಬ್ಯಾಂಡೇಜು ಸುತ್ತಿತ್ತು. ನಾನು ಎಬ್ಬಿಸಲಿಲ್ಲ.